ಆಚೆ ದಡ

ನೀರು ಮಾಡುವುದು ಭೀಮರಾಜ್‌ಗೆ ಹೊಸದೇನಲ್ಲ. ಇನ್ನೂ ಪಾಯವೇ ಬೀಳದ ಅಪಾರ್ಟ್‌ಮೆಂಟುಗಳನ್ನು ಮೇಜಿನ ಮೇಲೆ ಪುಟ್ಟದಾಗಿ ಕಟ್ಟಿ ನಿಲ್ಲಿಸಿ, ಅವುಗಳ ಮುಂದೆ ಬೆರಳುದ್ದದ ಈಜುಕೊಳ ತೋಡಿ, ಅದರಲ್ಲಿ ನೀಲಿ ನೀರು ನಿಲ್ಲಿಸುವುದೇ ಅವನ ಹೊಟ್ಟೆಪಾಡು. ಬಿಲ್ಡರ್‌ಗಳ ಆಫೀಸಿಗೆ ಬಂದ ಗಂಡ ಹೆಂಡಿರು ಬಾಗಿ ಬಾಗಿ ಆ ನೀರನ್ನೇ ನೋಡುತ್ತಿದ್ದರು. ಅಂಥ ನೀರು ಭೂಮಿಯ ಮೇಲೆ ಎಲ್ಲೂ ಇಲ್ಲ ಅನ್ನುವುದು ಬೇರೆ ಮಾತು. ಪಾಚಿಯಿಲ್ಲ, ಕಸವಿಲ್ಲ, ಒಂದು ತರಗೆಲೆಯೂ ಬಿದ್ದಿರುವುದಿಲ್ಲ. ಗೋಡೆಗೆ ಕಲೆಯಿಲ್ಲ, ಗ್ರಿಲ್ಲಿಗೆ ತುಕ್ಕಿಲ್ಲ. ಹಳೆಯದು ಅನ್ನುವುದೇ ಅವನ ಕಸುಬಿನಲ್ಲಿ ಇರಲಿಲ್ಲ.

ಅಂಥವನು ಈಗ ಯಶವಂತಪುರದ ತನ್ನ ಶೆಡ್ಡಿನಲ್ಲಿ, ಯಾರೂ ಆರ್ಡರ್ ಕೊಡದ ಒಂದು ಕಡಲತೀರವನ್ನು ಮಾಡಲು ಕೂತಿದ್ದ. ಹಾಳಾದ ಆ ತೀರ ಅವನ ಮಗಳನ್ನು ನುಂಗಿತ್ತು.

ಮಗಳ ಹೆಸರು ಸಂಯುಕ್ತಾ. ಕಾಲೇಜಿನ ಕೊನೆಯ ವರ್ಷ, ಗೆಳತಿಯರ ಜೊತೆ ಟ್ರಿಪ್ಪು, ಕುಮಟಾದ ಆಚೆ ಯಾವುದೋ ಬೀಚು. ಮೊಣಕಾಲುದ್ದ ನೀರಿನಲ್ಲಿ ನಿಂತು ನಗುತ್ತಿದ್ದವಳನ್ನು ಒಂದು ಅಲೆ ಎಳೆದುಕೊಂಡು ಹೋಯಿತು. ಮರಳಿನ ಮೇಲೆ ಬಿಟ್ಟಿದ್ದ ನೀಲಿ ಚಪ್ಪಲಿ ಸಿಕ್ಕಿತು, ಬ್ಯಾಗು ಸಿಕ್ಕಿತು, ಹುಡುಗಿ ಸಿಗಲಿಲ್ಲ. ಭೀಮರಾಜ್ ಊಟ ನಿದ್ದೆ ಬಿಟ್ಟು ಆ ದಡದಲ್ಲಿ ಅಲೆದ. ಕೊನೆಗೆ ಪೊಲೀಸರೇ ಭುಜ ಹಿಡಿದು, "ಮನೆಗೆ ಹೋಗ್ರಿ" ಎಂದು ಬಸ್ಸು ಹತ್ತಿಸಿದರು.

ಅಲ್ಲಾಳಸಂದ್ರದ ಹಳೇ ಮನೆತನ ಅವರದು. ಸತ್ತವರನ್ನು ಮಣ್ಣು ಮಾಡಿದ ಮೇಲೆ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಆ ಮಣ್ಣಿನ ಮೇಲೆ ಹಾಲುತುಪ್ಪ ಬಿಡುವುದು ಅವರ ಪದ್ಧತಿ. ಮಣ್ಣು ಹೀರಿಕೊಂಡರೆ ಹೋದ ಜೀವ ಕುಡಿಯಿತು ಎಂದು ಇದ್ದವರಿಗೊಂದು ಸಮಾಧಾನ. ಸಂಯುಕ್ತಾಳಿಗೆ ಮಣ್ಣೇ ಇಲ್ಲ, ಹಾಲು ಬಿಡುವುದಾದರೂ ಎಲ್ಲಿ?

ಭೀಮರಾಜನ ತಾಯಿ ಅಂಜಿನಮ್ಮನಿಗೆ ಅದೇ ಕೊರಗು. "ಎಲ್ಲಾದ್ರೂ ಒಂದ್ ಕಡೆ ಬಿಡಾನ ಕಣ್ಲಾ. ಆಲು ತುಪ್ಪ ಬಿಡ್ದೆ ಎಷ್ಟ್ ದಿನಾಂತ ಇಂಗೇ ಇರಾದು? ಆ ಮಗ ಬಾಯಾರ್ಕಂಡು ಅಲೀತಾ ಐತೆ" ಎಂದು ಒಂದು ದಿನ ಅಂದುಬಿಟ್ಟಳು. ಅಂದದ್ದೇ ತಡ, ಒಳಗಿದ್ದ ಸೊಸೆ ಧನಲಕ್ಷ್ಮಿ ಬಿರುಗಾಳಿ ಹಾಗೆ ಹೊರಗೆ ಬಂದಳು.

"ಬದುಕಿರೋ ಮಗೂಗೆ ಹಾಲುತುಪ್ಪ ಬಿಡಿ ಅಂತೀರಲ್ಲ ಅತ್ತೆ, ನಾಲಿಗೆ ಆದ್ರೂ ಹೇಗೆ ಬಂತು ನಿಮಗೆ?"

ಅಂದಿನಿಂದ ಅತ್ತೆ ಸೊಸೆ ಮಾತು ಬಿಟ್ಟರು. ಒಂದೇ ಅಡುಗೆಮನೆ, ಒಂದೇ ಒಲೆ, ತಟ್ಟೆಯನ್ನು ನೆಲದ ಮೇಲೆ ತಳ್ಳುವ ಸದ್ದೇ ಊಟಕ್ಕೆ ಕರೆ. ಮನೆ ಅನ್ನುವುದು ಮಸಣವಾಯಿತು.

ಧನಲಕ್ಷ್ಮಿಯ ವಾದ ಇಷ್ಟೇ. ಅವಳು ಚಿಕ್ಕಜಾಲದ ಕೆರೆ ದಂಡೆಯಲ್ಲಿ ಹುಟ್ಟಿ ಅಲ್ಲಾಳಸಂದ್ರದ ಕೆರೆ ದಂಡೆಗೆ ಸೊಸೆಯಾಗಿ ಬಂದವಳು. ಕೆರೆಗೆ ಬಿದ್ದವರು ಮೂರನೆಯ ದಿನ ಹೆಣವಾಗಿ ಮೇಲೆ ಬಂದದ್ದನ್ನು ಕಣ್ಣಾರೆ ಕಂಡವಳು. "ನೀರು ಯಾರನ್ನೂ ಇಟ್ಕೊಳ್ಳಲ್ಲ ರೀ. ಹೋಗಿದ್ರೆ ತಂದು ದಡಕ್ಕೆ ಹಾಕ್ತಿತ್ತು. ಹಾಕಿಲ್ಲ ಅಂದ್ರೆ ಜೀವ ಇದೆ. ಈಜ್ಕೊಂಡೋ, ಯಾರದೋ ದೋಣೀಲೋ ಆಚೆ ದಡ ಸೇರಿದಾಳೆ. ನೀವು ಆಚೆ ದಡದಲ್ಲಿ ಹುಡುಕಿದ್ರಾ?"

"ಸಮುದ್ರಕ್ಕೆ ಆಚೆ ದಡ ಇಲ್ಲ ಕಣೇ."

"ನೀರು ಅಂದ್ಮೇಲೆ ದಡ ಇರಲ್ವಾ? ನನ್ನ ಕಿವಿಗೆ ಹೂವ ಇಡ್ಬೇಡಿ."

ನಗುವವರು ನಗಲಿ. ಸಮುದ್ರವನ್ನೇ ನೋಡದ ತಾಯಿಗೆ ಇನ್ನೇನು ತೋಚಬೇಕು? ಟಿವಿಯಲ್ಲಿ ನೋಡಿಲ್ಲವೇ ಅಂದರೆ, ಕ್ಯಾಮೆರಾ ಇಟ್ಟ ಕಡೆ ಮಾತ್ರ ಕಾಣುತ್ತದೆ ಅನ್ನುವಳು. ಬಾ, ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದರೆ, ಆ ಪಾಪಿ ನೀರಿನ ಮುಖ ನೋಡಲ್ಲ ಅನ್ನುವಳು. ಅವಳ ಅಣ್ಣ ನರೇಂದ್ರ ಓದಿದವನು, ಮೊಬೈಲಿನಲ್ಲಿ ಮ್ಯಾಪ್ ತೆಗೆದು ತಂಗಿಯ ಭ್ರಮೆ ಬಿಡಿಸಲು ಹೋದ. ಅವಳು ಬೆರಳಿಟ್ಟು ನೀಲಿಯನ್ನು ದಾಟಿ, "ಇದೇನಣ್ಣ ಇಲ್ಲಿ?" ಎಂದಳು. "ಅದು ಅರಬರ ದೇಶ" ಎಂದು ಆ ಮಹಾನುಭಾವ ಬಾಯಿಬಿಟ್ಟ. "ನೋಡಿದ್ರಾ, ಇದೆ ದಡ! ಇಷ್ಟೇ ಇಷ್ಟು ದೂರ!" ಎಂದು ಅವಳ ಮುಖ ಅರಳಿದ್ದನ್ನು ನೋಡಿ ಭೀಮರಾಜ್ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತ. ಅಂದಿನಿಂದ ಅವಳು ಮಗಳ ಮೊಬೈಲಿಗೆ ತಪ್ಪದೆ ರೀಚಾರ್ಜ್ ಮಾಡಿಸತೊಡಗಿದಳು. ಅರಬರ ದೇಶದಿಂದ ಫೋನ್ ಬಂದರೆ?

ಮೊಬೈಲಿನಲ್ಲಿ ಬೆರಳಗಲ ಕಂಡ ಸಮುದ್ರವನ್ನು ಅವಳು ನಂಬಿದಳು. ಹಾಗಾದರೆ ನನ್ನ ಕೈಯಲ್ಲಿ ಆಗುವ ಸಮುದ್ರವನ್ನು ನಾನೇ ತೋರಿಸುತ್ತೇನೆ ಎಂದುಕೊಂಡ ಭೀಮರಾಜ್. ಅವಳು ಒಪ್ಪಬೇಕು, ಮಗಳನ್ನು ಕಳಿಸಿಕೊಡಬೇಕು, ಇಲ್ಲವಾದರೆ ಹೆಂಡತಿಯೂ ಕೈಬಿಟ್ಟು ಹೋಗುತ್ತಾಳೆ ಅನ್ನುವ ಭಯ ಅವನಿಗೆ ಹತ್ತಿತ್ತು.

ಶೆಡ್ಡಿನಲ್ಲಿ ಬಣ್ಣದ ಕೆಲಸ ನೋಡಿಕೊಳ್ಳುವವನು ವಹಾಬ್. ಆರ್.ಟಿ. ನಗರದಲ್ಲಿ ಲಾರಿ, ಕಾರುಗಳಿಗೆ ಪೇಂಟ್ ಹೊಡೆಯುತ್ತಿದ್ದವನು ಭೀಮರಾಜನ ಜೊತೆ ಸೇರಿಕೊಂಡು ಕಾಲವಾಗಿತ್ತು. ಪ್ಲೈವುಡ್ ಹಲಗೆಯ ಮೇಲೆ ಥರ್ಮೋಕೋಲ್ ಕೊರೆದು ಬಂಡೆ ಮಾಡಿ, ಪ್ಲಾಸ್ಟರ್ ಮೆತ್ತಿ, ತಳಕ್ಕೆ ಬಣ್ಣ ಬಳಿಯುವಾಗಲೇ ಅವನಿಗೆ ಇದು ಯಾವ ತೀರವೆಂದು ಗೊತ್ತಾಗಿತ್ತು. ದಡದ ಹತ್ತಿರ ಮರಳು ಬಣ್ಣ, ಆಮೇಲೆ ಹಸಿರು, ಆಮೇಲೆ ಕಪ್ಪಿಗೆ ತಿರುಗುವ ನೀಲಿ ಎಂದು ಹೇಳಿದ ಹಾಗೆ ಬಳಿದುಕೊಟ್ಟ.

ನೀರು ಹೊಯ್ಯುವಾಗ ಭೀಮರಾಜ್ ಎಡವಿದ. ಈಜುಕೊಳಕ್ಕೆ ಹೊಯ್ಯುವಂತೆ, ಗಟ್ಟಿಯಾದರೆ ಗಾಜಿನಂತಾಗುವ ರೆಸಿನ್ ಕಲಸಿ ಇಡೀ ಕಡಲನ್ನು ಒಂದೇ ಸಲಕ್ಕೆ ತುಂಬಿಸಿಬಿಟ್ಟ. ಬೆರಳುದ್ದದ ಕೊಳಕ್ಕೆ ನಡೆಯುವ ಆಟ ಕಡಲಿಗೆ ನಡೆಯುತ್ತದೆಯೇ? ಅಷ್ಟು ದಪ್ಪದ ರೆಸಿನ್ ಒಳಗೇ ಕಾದು ಹೊಗೆಯಾಡಿ, ಹಳದಿ ತಿರುಗಿ, ಚಟ್ಟೆಂದು ನಡುವೆ ಬಿರುಕು ಬಿಟ್ಟಿತು.

"ಏನ್ ಭೀಮಣ್ಣ ಇದು, ಇಷ್ಟು ವರ್ಷ ಮಾಡಿದ ಕೆಲಸಾನೇ ಮರೆತುಬಿಟ್ರಾ?" ಎಂದ ವಹಾಬ್.

"ಬೇಗ ಮುಗೀಲಿ ಅಂತ ಕಣೋ" ಎಂದ ಭೀಮರಾಜ್. ಇಬ್ಬರೂ ಉಳಿ ಹಿಡಿದು ಆ ಕಡಲನ್ನು ಒಡೆದು ತೆಗೆದರು.

ಎರಡನೆಯ ಸಲ ತೆಳ್ಳಗೆ, ಪದರದ ಮೇಲೆ ಪದರ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಮೇಲೆ ಬಂದ ಗುಳ್ಳೆಗಳನ್ನು ಲೈಟರ್ ಉರಿಯಲ್ಲಿ ಸವರಿ ಒಡೆಯಬೇಕು. ಒಂದೊಂದು ಗುಳ್ಳೆ ಮೇಲೆ ಬಂದು ಒಡೆಯುವಾಗಲೂ ಭೀಮರಾಜ್ ಲೈಟರ್ ಹಿಂದಕ್ಕೆಳೆಯುತ್ತಿದ್ದ. ಇಲ್ಲೆಲ್ಲೋ ಉಸಿರು ಬಿಟ್ಟಿರಬೇಕು ಅವಳು ಅನ್ನಿಸುತ್ತಿತ್ತು. ಹತ್ತಿಯ ಎಳೆ ಬಿಡಿಸಿ, ಅಂಟಿನಲ್ಲಿ ನೆನೆಸಿ ಅಲೆಯ ನೊರೆ ಮಾಡಿದ.

ದಡದಲ್ಲಿ ಅವತ್ತು ಒಂದು ಹಳೇ ದೋಣಿ ಕವುಚಿ ಬಿದ್ದಿತ್ತು. ಅದೂ ಬೇಕೆಂದ. ಅಂಗೈಗಿಂತ ಚಿಕ್ಕ ದೋಣಿಗೆ ಮೊದಲು ತುಕ್ಕಿನ ಬಣ್ಣ ಬಳಿದು, ಅಲ್ಲಲ್ಲಿ ನೀರು ಹಚ್ಚಿ ಉಪ್ಪು ಉದುರಿಸಿ, ಅದರ ಮೇಲೆ ಬಿಳಿ ಬಣ್ಣ ಹೊಡೆದರು. ಒಣಗಿದ ಮೇಲೆ ಬ್ರಷ್ಷಿನಿಂದ ಉಜ್ಜಿದರೆ ಉಪ್ಪಿದ್ದ ಕಡೆಯೆಲ್ಲ ಬಣ್ಣ ಎದ್ದು ಬಂದು ಒಳಗಿನ ತುಕ್ಕು ಕಂಡಿತು, ಥೇಟ್ ಕಡಲ ಗಾಳಿ ತಿಂದ ಹಾಗೆ.

"ತುಕ್ಕು ತೆಗಿ ಅಂತ ಜನ ನನ್ ಹತ್ರ ಬರ್ತಿದ್ರು. ತುಕ್ಕು ಹಾಕು ಅಂದೋರು ನೀವೊಬ್ರೇ ನೋಡಿ" ಎಂದ ವಹಾಬ್. ಬಹಳ ದಿನದ ಮೇಲೆ ಭೀಮರಾಜ್ ನಕ್ಕ.

ಮನುಷ್ಯರನ್ನು ಇಡಲಿಲ್ಲ. ನೀಲಿ ಹಾಳೆಯಲ್ಲಿ ಎಳ್ಳಿನ ಕಾಳಷ್ಟು ಚಿಕ್ಕದಾಗಿ ಒಂದು ಜೊತೆ ಚಪ್ಪಲಿ ಕತ್ತರಿಸಿ ಮರಳಿನ ಮೇಲೆ ಇಟ್ಟ. ಆ ಚಪ್ಪಲಿಯ ಸುತ್ತ ಅಂಗೈಯಗಲದ ಮರಳು ಮಾತ್ರ ಬೇರೆ. ಅದು ಮಗಳ ಬ್ಯಾಗಿನ ತಳದಲ್ಲಿ ಉಳಿದುಕೊಂಡದ್ದು. ಹೆಂಡತಿ ತೊಳೆಯಲು ಬಿಡದೆ ಬೀರುವಿನಲ್ಲಿಟ್ಟಿದ್ದ ಬ್ಯಾಗನ್ನು, ಅವಳು ಅಂಗಡಿಗೆ ಹೋದಾಗ ಕೊಡವಿ, ಕರ್ಚೀಫಿನಲ್ಲಿ ಗಂಟು ಕಟ್ಟಿ ತಂದಿದ್ದ. ಉಳಿದ ಮರಳಿಗೆಲ್ಲ ಅಂಟಿನ ನೀರು ಬಿಟ್ಟು ಗಟ್ಟಿ ಮಾಡಿದವನಿಗೆ ಇದಕ್ಕೆ ಬಿಡಲು ಕೈ ಬರಲಿಲ್ಲ.

"ಅಂಟು ಹಾಕ್ದಿದ್ರೆ ನಿಲ್ಲಲ್ಲ ಭೀಮಣ್ಣ, ಗಾಳಿಗೆ ಹಾರಿಹೋಗುತ್ತೆ" ಎಂದ ವಹಾಬ್.

"ಹಾಗೇ ಇರ್ಲಿ ಬಿಡು. ಅವಳ ಕಾಲು ತಾಗಿದ ಮರಳು ಅದು."

ಒಂದು ಭಾನುವಾರ ಬೆಳಿಗ್ಗೆ ಲಗೇಜ್ ಆಟೋದಲ್ಲಿ ಕಡಲು ಅಲ್ಲಾಳಸಂದ್ರಕ್ಕೆ ಬಂತು. ಹಾದಿಯುದ್ದಕ್ಕೂ ವಹಾಬ್ ಆ ಮರಳಿಗೆ ಅಂಗೈ ಅಡ್ಡ ಹಿಡಿದು ಕೂತಿದ್ದ. ಹಲಗೆಯನ್ನು ನಡುಮನೆಯ ಮೇಜಿನ ಮೇಲೆ ಇಳಿಸಿ, ಕಾಫಿಗೂ ನಿಲ್ಲದೆ ಹೊರಟುಹೋದ.

ಧನಲಕ್ಷ್ಮಿ ಕೈ ಒರೆಸಿಕೊಳ್ಳುತ್ತ ಬಂದಳು. "ಯಾರ ಆರ್ಡರ್ರು? ಮನೆಗ್ಯಾಕೆ ತಂದ್ರಿ?" ಎಂದವಳು ಹತ್ತಿರ ಬಾಗಿದಳು. ಬಂಡೆ, ನೊರೆ, ಬಣ್ಣ ಹೋದ ದೋಣಿ. ಆಮೇಲೆ ಚಪ್ಪಲಿ ಕಂಡಿತು. ಅವಳ ಬೆರಳು ಅದರ ಹತ್ತಿರ ಹೋಗಿ ಮುಟ್ಟದೆ ನಿಂತಿತು.

"ಇಲ್ಲೇನಾ?"

"ಇಲ್ಲೇ."

ಅವಳು ಬೈಯುತ್ತಾಳೆ, ಹಲಗೆಯನ್ನು ಎತ್ತಿ ಬೀದಿಗೆ ಎಸೆಯುತ್ತಾಳೆ ಎಂದು ಭೀಮರಾಜ್ ಕಾದ. ಅವಳು ಹಾಗೇನೂ ಮಾಡದೆ ಸುತ್ತಿ ಬಂದು ಹಲಗೆಯ ಹಿಂದಿನ ಅಂಚಿಗೆ ಕೈಯಿಟ್ಟಳು. ಕಡಲು ಅಲ್ಲಿ ಕತ್ತರಿಸಿದಂತೆ ನಿಂತಿತ್ತು.

"ಇಲ್ಲಿಂದಾಚೆ?"

"ನೀರು."

"ಅದರಾಚೆ ದಡ ತಾನೇ? ಅಣ್ಣ ತೋರಿಸಿದ್ನಲ್ಲ."

"ಇದೆ. ಇಲ್ಲ ಅನ್ನಲ್ಲ ಧನಾ" ಎಂದ ಭೀಮರಾಜ್. ಅಳತೆ ಹಿಡಿಯುವುದು ಅವನ ಕಸುಬು. ಶೆಡ್ಡಿನಲ್ಲಿ ಒಂದು ದಿನ ಈ ಲೆಕ್ಕ ಹಾಕಿ ತಾನೇ ಕುಸಿದು ಕೂತಿದ್ದ. ಹೆಬ್ಬೆರಳನ್ನು ಚಪ್ಪಲಿಯ ಪಕ್ಕ ಹಿಡಿದ. "ಇದರಲ್ಲಿ ನಮ್ಮ ಸಂಯು ನನ್ನ ಈ ಉಗುರಷ್ಟು ಎತ್ತರ. ಇದೇ ಅಳತೇಲಿ ಆಚೆ ದಡ ಎಲ್ಲಿ ಗೊತ್ತಾ? ನಮ್ಮ ಬಾಗಿಲಿಂದ ಆಚೆ ಎಲ್ಲಾ ನೀರು ಅಂದ್ಕೋ. ಕೆರೆ, ಯಲಹಂಕ, ಏರ್‌ಪೋರ್ಟ್ ರೋಡು, ಎಲ್ಲಾ ನೀರು. ದೇವನಹಳ್ಳಿ ಕೋಟೆ ಹತ್ರ ಹೋದ್ರೆ ದಡ."

ಧನಲಕ್ಷ್ಮಿ ಬಾಗಿಲ ಕಡೆ ನೋಡಿದಳು. ಅದು ಅವಳ ತವರಿನ ರಸ್ತೆ. ಮದುವಣಗಿತ್ತಿಯಾಗಿ ಬಂದದ್ದು, ಬಾಣಂತನಕ್ಕೆ ಹೋದದ್ದು, ಸಂಯುಕ್ತಾಳನ್ನು ಮಡಿಲಲ್ಲಿ ಮಲಗಿಸಿಕೊಂಡು ಬಸ್ಸಿನಲ್ಲಿ ವಾಪಸ್ ಬಂದದ್ದು, ಎಲ್ಲ ಅದೇ ರಸ್ತೆಯಲ್ಲಿ. ಎಷ್ಟು ದೂರ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಚಿಕ್ಕಜಾಲಾನೂ ನೀರಾ?"

"ಚಿಕ್ಕಜಾಲಾನೂ ನೀರು ಕಣೇ."

"ಅಷ್ಟು ನೀರಲ್ಲಿ ಉಗುರಷ್ಟು ಮಗು" ಎಂದಳು ಧನಲಕ್ಷ್ಮಿ. ತನ್ನ ಹೆಬ್ಬೆರಳನ್ನು ತಾನೇ ನೋಡಿಕೊಂಡಳು. ಆಮೇಲೆ ಅಡುಗೆಮನೆಗೆ ಹೋದಳು.

ಬರುವಾಗ ಅವಳ ಕೈಯಲ್ಲಿ ಹಾಲಿನ ಲೋಟವಿತ್ತು. ಮೇಲೆ ತುಪ್ಪದ ಹನಿಗಳು ತೇಲುತ್ತಿದ್ದವು. ಇಷ್ಟು ದಿನ ಇದಕ್ಕಾಗಿಯೇ ಕಾದಿದ್ದ ಭೀಮರಾಜನಿಗೆ, ಈಗ ಬೇಡ, ಬೇಡ ಕಣೇ, ಬದುಕಿರಬಹುದು ಅವಳು ಎಂದು ಕೂಗಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ಲೋಟ ಬಗ್ಗಿಸಿ, ನಡು ಕಡಲಿನ ಕಪ್ಪು ನೀಲಿಯ ಮೇಲೆ ಹಾಲುತುಪ್ಪ ಬಿಟ್ಟಳು.

ಹಾಲು ಇಳಿಯಲಿಲ್ಲ. ಇಳಿಯಲು ಅದೇನು ಮಣ್ಣೇ, ನೀರೇ? ಗಟ್ಟಿ ರೆಸಿನ್. ಬಿಟ್ಟ ಹಾಲು ಬಿಟ್ಟಲ್ಲೇ ನಿಂತಿತು. ಧನಲಕ್ಷ್ಮಿ ಕಾದಳು. ನೋಡಿದಳು.

"ಕುಡೀತಿಲ್ಲ ರೀ... ನನ್ ಮೇಲೆ ಕೋಪ ಅವಳಿಗೆ. ಇಷ್ಟು ದಿನ ಬಿಡ್ಲಿಲ್ಲ ಅಂತ ಕೋಪ. ನನ್ ಕಂದ ಕುಡೀತಿಲ್ಲ ರೀ!"

ಭೀಮರಾಜ್ ಬಾಗಿ ಹಲಗೆಯ ಹಿಂದಿನ ಅಂಚಿಗೆ ಎರಡೂ ಕೈ ಕೊಟ್ಟು ಕಡಲನ್ನು ಮೆಲ್ಲಗೆ ಎತ್ತಿದ. ಹಾಲು ಅಲುಗಿತು. ಕಪ್ಪು ನೀಲಿ ದಾಟಿ, ಹಸಿರು ದಾಟಿ, ಹತ್ತಿಯ ನೊರೆಯನ್ನು ತೋಯಿಸಿ ದಡಕ್ಕೆ ಬಂತು. ಚಪ್ಪಲಿಯ ಹತ್ತಿರ, ಅಂಟಿಲ್ಲದ ಆ ಮರಳಿಗೆ ತಾಗಿತು. ತಾಗಿದ್ದೇ ಮರಳು ಕಪ್ಪಗಾಯಿತು. ನೋಡನೋಡುತ್ತ ಅಷ್ಟೂ ಹಾಲನ್ನು ಹೀರಿಕೊಂಡುಬಿಟ್ಟಿತು.

"ಕುಡಿದ್ಲು" ಎಂದಳು ಧನಲಕ್ಷ್ಮಿ. ಹಾಗೆಂದವಳೇ ಮೇಜಿನ ಕಾಲು ಹಿಡಿದು ನೆಲಕ್ಕೆ ಕುಸಿದಳು. ಸುದ್ದಿ ಬಂದ ದಿನವೂ ಅಳದವಳು, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.

ಅಳು ಸ್ವಲ್ಪ ಇಳಿದ ಮೇಲೆ ಎದ್ದು, ಲೋಟ ಹಿಡಿದು ಒಳಗೆ ತಿರುಗಿದಳು. ಅತ್ತೆಯ ಕೋಣೆಯ ಬಾಗಿಲು ತಳ್ಳಿದಳು.

"ಅತ್ತೆ, ಬನ್ನಿ. ನಿಮ್ಮ ಮೊಮ್ಮಗಳಿಗೆ ನೀವೂ ಹಾಲು ಬಿಡಿ." ಆಮೇಲೆ ಗಂಡನ ಕಡೆ ತಿರುಗಿ, "ರೀ, ಇಳಿಸ್ಬೇಡಿ, ಹಾಗೇ ಹಿಡ್ಕೊಂಡಿರಿ. ಬಾಯಾರಿದೆ ಮಗೂಗೆ" ಎಂದಳು.

ಅಂಜಿನಮ್ಮ ಗೋಡೆ ಹಿಡಿದು ನಿಧಾನಕ್ಕೆ ನಡೆದು ಬಂದಳು. ಭೀಮರಾಜ್ ಕಡಲನ್ನು ಎತ್ತಿ ಹಿಡಿದೇ ನಿಂತಿದ್ದ.