ಕಾಯಿ ಕೀಳದ ಎರಡು ಮರ

ಸಿ.ಎಸ್. ಪುರದ ಗಂಗಣ್ಣನವರ ತೋಟದಲ್ಲಿ ಎರಡು ತೆಂಗಿನಮರಗಳ ಕಾಯಿಯನ್ನು ಯಾರೂ ಕೀಳುವುದಿಲ್ಲ. ಒಂದು ಅವರ ತಾಯಿಯ ಸಮಾಧಿಯ ಮೇಲೆ ನೆಟ್ಟದ್ದು, ಇನ್ನೊಂದು ತಂಗಿಯದು. ಇಬ್ಬರೂ ಚಿಕ್ಕ ವಯಸ್ಸಿಗೇ ಹೋದರು. "ಗಾಳಿ ಸೋಕಿತ್ತು" ಎಂದು ಊರಿಗೆ ಹೇಳಿದ್ದಾಯಿತು.

ಈಗ ಗಂಗಣ್ಣನವರೇ ಹೊರಟು ನಿಂತಿದ್ದರು. ಶ್ವಾಸಕೋಶ ಕೈಬಿಟ್ಟಿತ್ತು. ಮಗಳು ರೂಪಶ್ರೀಯನ್ನು ಒಪ್ಪಿದ್ದ ಕುಣಿಗಲ್‌ನ ಬೀಗರು ಅವರನ್ನು ನೋಡಲು ಬಂದು ಹಜಾರದಲ್ಲಿ ಕೂತಿದ್ದರು.

"ರೂಪಾನ ಕರಿ," ಎಂದರು ಗಂಗಣ್ಣ. "ಅವ್ವಂದು, ತಂಗೀದು... ಹೇಳ್ಬೇಕು."

ಹೆಂಡತಿ ಶಿವರುದ್ರಮ್ಮ ತಟ್ಟನೆ ಎದ್ದರು. ಬಾಗಿಲು ಮುಂದೆ ಮಾಡಿದರು. "ಮೆತ್ತಗೆ ಅನ್ನಿ! ಬೀಗ್ರು ಅವ್ರೆ. ಇಂಥ ಕಾಯಿಲೆ ಐತೆ ಅಂದ್ರೆ ನಮ್ಮ ಹುಡ್ಗೀನ ಯಾರ್ ಮಾಡ್ಕೊಂತಾರೆ?"

ಗಂಗಣ್ಣನ ತುಟಿಗೆ ಹತ್ತಿಯಲ್ಲಿ ನೀರು ಒತ್ತುತ್ತಿದ್ದ ಪಕ್ಕದ ಮನೆಯ ನಿವೃತ್ತ ನರ್ಸ್ ಶಕುಂತಲಮ್ಮ ತಲೆಯೆತ್ತಿದರು. "ಮುಚ್ಚಿಟ್ರೆ ಮದ್ವೆ ಉಳೀಬೌದು ಕಣೇ ಶಿವು. ಮಗ್ಳು?"

"ಅದು ಅವ್ರ ಕಡೆ ಕಾಯಿಲೆ. ರೂಪ ನನ್ ಥರ ಅಲ್ವಾ?"

"ಮೂಗು ನಿಂದು, ರಕ್ತ ಇಬ್ರುದೂ. ಸ್ತನದ ಕ್ಯಾನ್ಸರು ಅಪ್ಪನ ಕಡೆಯಿಂದ್ಲೂ ಬರ್ಬೌದು. ಬಂದೇ ಬರುತ್ತೆ ಅಂತಲ್ಲ. ಗೊತ್ತಿದ್ರೆ ಬೇಗ ಹಿಡೀಬೌದು."

ಅಷ್ಟರಲ್ಲಿ ರೂಪ ಬಾಗಿಲು ತಳ್ಳಿ ಬಂದಳು. ಅವಳ ಹಿಂದೆಯೇ ಹುಡುಗನ ತಾಯಿ.

ಗಂಗಣ್ಣ ಹೊದಿಕೆಯನ್ನು ಬಿಗಿಯಾಗಿ ಹಿಡಿದರು. "ಮಗಾ... ನಿಮ್ಮಜ್ಜಿ ಗಾಳಿ ಸೋಕಿ ಸತ್ತಿದ್ದಲ್ಲ. ಅವ್ಳಿಗೆ..." ಉಸಿರು ಸಿಕ್ಕಿಕೊಂಡಿತು. ತುಟಿ ಆಡಿತು, ಮಾತು ಬರಲಿಲ್ಲ. ಕಣ್ಣು ಹೆಂಡತಿಯ ಮೇಲೆ ನೆಟ್ಟಿತು.

ಶಕುಂತಲಮ್ಮ ಹತ್ತಿ ಕೆಳಗಿಟ್ಟು ಶಿವರುದ್ರಮ್ಮನ ಕಡೆ ನೋಡಿದರು. ಅದು ಮನೆಯವರೇ ಆಡಬೇಕಾದ ಮಾತು.

ಶಿವರುದ್ರಮ್ಮ ಬೀಗಿತ್ತಿಯನ್ನು ನೋಡಿದರು, ಮಗಳನ್ನು ನೋಡಿದರು. "ಎದೇಲಿ ಗಂಟಾಗಿತ್ತು ಕಣೇ. ನಿಮ್ಮಜ್ಜಿಗೂ, ಸೋದರತ್ತೇಗೂ. ನಾಚ್ಕೊಂಡು ಯಾರ್ಗೂ ತೋರಿಸ್ಲಿಲ್ಲ. ನಾವೂ ಮುಚ್ಚಿಟ್ವಿ."

ಹೊದಿಕೆ ಹಿಡಿದಿದ್ದ ಗಂಗಣ್ಣನ ಬೆರಳು ಸಡಿಲವಾಯಿತು.

ಬೀಗಿತ್ತಿ ತಿರುಗಿ ಹೊರಗೆ ನಡೆದರು. ಸಂಬಂಧ ಮುಗಿಯಿತು ಎಂದುಕೊಂಡರು ಶಿವರುದ್ರಮ್ಮ. ಆದರೆ ಅವರು ಮರಳಿ ಬಂದರು, ಕೈಯಲ್ಲಿ ಕುರ್ಚಿ. ರೂಪಳನ್ನು ಅಪ್ಪನ ಪಕ್ಕ ಕೂರಿಸಿ, "ಮದ್ವೆ ಮಾತು ಇದ್ದೇ ಐತೆ. ಮೊದ್ಲು ತುಮಕೂರಲ್ಲಿ ಡಾಕ್ಟ್ರಿಗೆ ತೋರ್ಸಾಣ. ನಾನೂ ಬರ್ತೀನಿ," ಎಂದರು.

ಗಂಗಣ್ಣನವರು ಈಗಿಲ್ಲ. ತೋಟದ ಮೂರನೆಯ ಸಸಿಗೆ ರೂಪಳೇ ನೀರು ಹಾಕುತ್ತಾಳೆ. ತಪಾಸಣೆಯಲ್ಲಿ ಏನೂ ಕಾಣಲಿಲ್ಲ; ಡಾಕ್ಟರು ಹೇಳಿದಾಗಲೆಲ್ಲ ತಪ್ಪದೆ ಹೋಗಿಬರುತ್ತಾಳೆ, ಜೊತೆಗೆ ಅತ್ತೆಯಾಗುವವರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಹಿರಿಯರು ಯಾವ ಕಾಯಿಲೆಯಿಂದ, ಯಾವ ವಯಸ್ಸಿನಲ್ಲಿ ಹೋದರು? ಅಮ್ಮನ ಕಡೆಯದನ್ನೂ ಕೇಳಿ, ಅಪ್ಪನ ಕಡೆಯದನ್ನೂ ಕೇಳಿ. ತಿಳಿದದ್ದನ್ನು ಡಾಕ್ಟರಿಗೆ ಹೇಳಿ. ಎದೆಯಲ್ಲಿ ಗಂಟು ಕಂಡರೆ ನಾಚದೆ ತೋರಿಸಿ. ಮಕ್ಕಳಿಗೆ ತೋಟ ಬರೆದುಕೊಡುವ ಮೊದಲು ಈ ವಿಷಯ ತಿಳಿಸಿ, ಹೇಳುವುದಕ್ಕೆ ಉಸಿರಿರುವಾಗಲೇ.