ರಟ್ಟಿನ ತೊಟ್ಟಿಲಿಗೊಬ್ಬ ಗುಂಡಪ್ಪ

ಕೋಗಿಲು ಊರಿನ ರಾಮಲಕ್ಷ್ಮಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಜನ ಹೇಳುವುದು ಸುಳ್ಳು. ಮೂಗಿನ ತುದಿಗೆ ಬರುವಷ್ಟು ಹೊತ್ತು ಅದು ಎಲ್ಲಿ ಕಾಯುತ್ತದೆ? ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಸ್ವೀಟ್ ಬಾಕ್ಸ್ ಮಡಿಸಿದವಳು ಒಂದು ದಿನ ತಾವರೆ ಆಕಾರದ ಡಬ್ಬ ಮಾಡಿ ತೋರಿಸಿದಳು. "ನಿಂಗೆ ಚೌಕ ಬಿಟ್ರೆ ಬೇರೇನಮ್ಮ ಬರುತ್ತೆ?" ಎಂದು ಮೇಸ್ತ್ರಿ ನಕ್ಕ. ಆ ತಾವರೆಯನ್ನು ಅವನ ತಲೆಗೇ ಟೋಪಿಯಂತೆ ಕವುಚಿ ಮನೆಗೆ ಬಂದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಈಗ ಮನೆಯ ಮುಂದಿನ ಶೀಟಿನ ಕೋಣೆಯೇ ಅವಳ ಕಾರ್ಖಾನೆ. ಇಂದು ಎಂಬ ಹೆಸರಿನ ಸೊಸೆ ಫೋನಿನಲ್ಲಿ ಗಿರಾಕಿ ಹಿಡಿಯುತ್ತಾಳೆ, ಅತ್ತೆ ರಟ್ಟು ಕತ್ತರಿಸುತ್ತಾಳೆ. ವೀಣೆ, ಹಲಸಿನಹಣ್ಣು, ಬೀಸಣಿಗೆ ಆಕಾರದ ಡಬ್ಬಗಳು ಹತ್ತು ಇಪ್ಪತ್ತು ಹೋಗಿದ್ದವು. ದೊಡ್ಡ ಆರ್ಡರು ಅಂತ ಬಂದದ್ದು ಇದೇ ಮೊದಲು. ಸಹಕಾರನಗರದ ನಾಗಲಕ್ಷ್ಮಿ ಎಂಬವರ ಮನೆಯಲ್ಲಿ ಮೊಮ್ಮಗಳ ನಾಮಕರಣ. ಬಂದವರ ಕೈಗೆ ಕೊಡಲು ತೊಟ್ಟಿಲು ಆಕಾರದ ನೂರಿಪ್ಪತ್ತು ಡಬ್ಬ. ಬೆರಳು ತಾಕಿಸಿದರೆ ತೂಗಬೇಕು, ಆದರೆ ಬೀಳಬಾರದು. ಮಾದರಿಗೆ ಮಾಡಿದ ತೊಟ್ಟಿಲಲ್ಲಿ ಎರಡು ಲಾಡು ಇಟ್ಟು ತೋರಿಸಿದ್ದರು. ಅದು ಒಳಗೆ ಕೂಸಿದೆಯೇನೋ ಅನ್ನುವಂತೆ ತೂಗಿತ್ತು.

ನಾಮಕರಣದ ಹಿಂದಿನ ದಿನ ಮಧ್ಯಾಹ್ನಕ್ಕೆ ಕೊನೆಯ ತೊಟ್ಟಿಲಿಗೆ ಜರಿ ಅಂಚು ಅಂಟಿಸಿ ಮುಗಿಸುವ ಹೊತ್ತಿಗೆ ನಾಗಲಕ್ಷ್ಮಿಯ ಫೋನು ಬಂತು.

"ಇಂದು, ಒಂದು ಚೇಂಜು. ಲಾಡು ಬೇಡಮ್ಮ. ನಮ್ ಕಡೆಯೋರಲ್ಲಿ ಅರ್ಧ ಜನಕ್ಕೆ ಶುಗರು, ಇನ್ನರ್ಧ ಜನಕ್ಕೆ ಡಯಟ್ಟು. ಪುಟ್ಟ ಕುಂಕುಮದ ಬರಣಿ ಕಳಿಸ್ತಿದೀನಿ, ಅದನ್ನೇ ಒಂದೊಂದು ಹಾಕಿ ಬೆಳಿಗ್ಗೆ ಎಂಟಕ್ಕೆ ತಂದ್ಬಿಡಿ. ಬಿದ್ದೋಗೋ ತೊಟ್ಟಿಲು ಮಾತ್ರ ಶುಭಕಾರ್ಯಕ್ಕೆ ಬೇಡ. ಅಂಥದಾದ್ರೆ ಹೇಳ್ಬಿಡಿ, ಪ್ಲಾಸ್ಟಿಕ್‌ದು ತರಿಸ್ಕೋತೀನಿ."

ಬರಣಿಗಳು ಬಂದವು. ಉಗುರಿನಷ್ಟು ಪುಟ್ಟವು, ಹತ್ತಿಯಷ್ಟು ಹಗುರ. ಒಂದನ್ನು ತೊಟ್ಟಿಲಲ್ಲಿಟ್ಟು ಇಂದು ಬೆರಳು ತಾಕಿಸಿದಳು. ತೊಟ್ಟಿಲು ಕುಡುಕನ ಹಾಗೆ ಪಕ್ಕಕ್ಕೆ ಮಲಗಿತು. ಇನ್ನೊಂದು ಮಲಗಿತು. ಹತ್ತು ನೋಡಿದರು, ಹತ್ತೂ ಮಲಗಿದವು. ತಳ ಹಗುರ, ಮೇಲಿನ ಕಮಾನು ಭಾರ. ಲಾಡು ಇದ್ದಾಗ ಈ ಗುಟ್ಟು ರಟ್ಟಾಗಿರಲಿಲ್ಲ.

"ಅತ್ತೆ, ತಳದ ಬಾಗು ಕತ್ತರಿಸಿ ಚಪ್ಪಟೆ ಮಾಡ್ಬಿಡೋಣ. ನಿಂತ್ಕೊಳ್ತವೆ."

"ತೂಗದೇ ಇದ್ರೆ ಅದ್ಯಾವ ಸೀಮೆ ತೊಟ್ಟಿಲೇ? ಕುರಿ ಮೇವಿನ ಗೋದ್ಲಿ ಅನ್ನು! ಆ ಮೇಸ್ತ್ರಿ ಕಂಡ್ರೆ ಏನಂತಾನೆ, ಕೊನೇಗೂ ಚೌಕಕ್ಕೇ ಬಂದ್ಲು ಅನ್ನಲ್ವಾ?"

"ಮೇಸ್ತ್ರಿ ಯಾಕ್ ಬರ್ತಾನೆ ಇಲ್ಲಿಗೆ?"

"ಬರ್ಲಿ ಬಿಡ್ಲಿ, ನನ್ ತಲೇಲಿ ಕೂತವ್ನಲ್ಲ!"

ಕತ್ತರಿ ಒಂದು ಕಡೆ ಹೋಯಿತು, ಅಂಟಿನ ಬಟ್ಟಲು ಇನ್ನೊಂದು ಕಡೆ. ಅಷ್ಟರಲ್ಲಿ ಊಟಕ್ಕೆಂದು ರಾಮಲಕ್ಷ್ಮಮ್ಮನ ಗಂಡ ಶಿವಪ್ಪ ಬಂದ. ಪಕ್ಕದ ಲೇಔಟಿನ ಪಾರ್ಕಿನಲ್ಲಿ ಅವನು ಮಾಲಿ. ಹೆಂಡತಿಯ ಮುಖ ನೋಡಿದ ಮೇಲೆ ಬೇರೆ ಯಾರಾದರೂ ತೆಪ್ಪಗೆ ಒಳಗೆ ಹೋಗುತ್ತಿದ್ದರು. ಶಿವಪ್ಪ ಒಂದು ಖಾಲಿ ತೊಟ್ಟಿಲನ್ನು ಅಂಗೈ ಮೇಲಿಟ್ಟುಕೊಂಡು, "ಜೋ ಜೋ" ಎಂದು ತೂಗತೊಡಗಿದ.

ರಾಮಲಕ್ಷ್ಮಮ್ಮ ಅವನ ಕೈ ಮೇಲೆ ಫಟ್ಟನೆ ಕೊಟ್ಟಳು. "ಬುದ್ಧಿ ಐತಾ ನಿಂಗೆ? ಖಾಲಿ ತೊಟ್ಲು ತೂಗ್ತಾರಾ ಯಾರಾದ್ರೂ? ಮೊದ್ಲು ಗುಂಡಪ್ಪನ್ನ ಮಲಗಿಸ್ಬೇಕು ಅಂತ ನಿಮ್ಮವ್ವ ಏಳ್ಕೊಟ್ಟಿಲ್ವಾ?"

ಹೇಳಿದವಳು ಅಲ್ಲೇ ನಿಂತಳು. ಕೂಸನ್ನು ಹೊಸ ತೊಟ್ಟಿಲಿಗೆ ಹಾಕುವ ಮೊದಲು ಒರಳಿನ ಗುಂಡುಕಲ್ಲನ್ನು ತೊಳೆದು, ಬಟ್ಟೆ ಸುತ್ತಿ, ಗುಂಡಪ್ಪ ಎಂದು ಕರೆದು ಮಲಗಿಸಿ ತೂಗುವುದು ಅವಳು ಹುಟ್ಟಿದಾಗಿನಿಂದ ಕಂಡದ್ದು. ಅಲ್ಲ, ಕಲ್ಲು ಭಾರ ತಾನೆ?

"ಇಂದೂ, ಆ ಕೆಂಪು ಸ್ಯಾಟಿನ್ ಚೂರೆಲ್ಲ ತಗಾ. ಏನಯ್ಯಾ, ನಿಮ್ ಪಾರ್ಕಲ್ಲಿ ಬಿಳೀ ಉರುಟು ಕಲ್ಲು ಮಿಕ್ಕಿ ಬಿದ್ದವೆ ಅಂತಿದ್ದಲ್ಲ?"

"ಅವೆ. ಅಸೋಸಿಯೇಷನ್ನೋರು ಸಾಗಾಕು ಅಂತಿದ್ರು."

"ಕೇಳ್ಬುಟ್ಟು ಒಂದ್ ಬಕೆಟ್ ತತ್ತಾ."

"ಊಟ?"

"ಗುಂಡಪ್ಪ ಬಂದ್ಮೇಲೆ!"

ನೆಲ್ಲಿಕಾಯಿ ಗಾತ್ರದ ಕಲ್ಲುಗಳು ಬಂದವು. ಇಂದು ತೊಳೆದಳು, ರಾಮಲಕ್ಷ್ಮಮ್ಮ ಒಂದೊಂದಕ್ಕೂ ಸ್ಯಾಟಿನ್ ಸುತ್ತಿ ತಳದ ನಡುಮಧ್ಯೆ ಅಂಟಿಸಿದಳು, ಶಿವಪ್ಪ ಕಡ್ಡಿಯಲ್ಲಿ ಕಾಡಿಗೆ ಅದ್ದಿ ದೃಷ್ಟಿಬೊಟ್ಟು ಇಟ್ಟ. ತೊಟ್ಟಿಲು ತಾಕಿಸಿದರೆ ತೂಗಿತು. ಜೋರಾಗಿ ತಳ್ಳಿದರೂ ವಾಲಿ ಮತ್ತೆ ಎದ್ದು ಕೂತಿತು. ಸಂಜೆಯ ಕಾಫಿ ಹೊತ್ತಿಗೆ ನೂರಿಪ್ಪತ್ತೂ ಒಂದೊಂದು ಬರಣಿ ಹೊತ್ತು ತೂಗುತ್ತಿದ್ದವು. ಮೂವರೂ ಹುಚ್ಚು ಹಿಡಿದವರಂತೆ ನಕ್ಕರು.

ಬೆಳಿಗ್ಗೆ ಎಂಟಕ್ಕೆ ಸಹಕಾರನಗರದ ಮನೆಯಲ್ಲಿ ಡಬ್ಬಗಳನ್ನು ಇಳಿಸಿದ್ದೇ ತಡ, ನಾಗಲಕ್ಷ್ಮಿ ಒಂದನ್ನು ತೂಗಿ ನೋಡಿ ಹಿಗ್ಗಿದರು. ಆಮೇಲೆ ಒಳಗೆ ಇಣುಕಿ ಹುಬ್ಬು ಗಂಟಿಕ್ಕಿದರು.

"ಇದೇನ್ರೀ ಇದು? ಗಿಫ್ಟಲ್ಲಿ ಕಲ್ಲು ಇಟ್ಟಿದೀರಾ? ಜನ ನನ್ನ ಏನಂದ್ಕೋತಾರೆ?"

ಇಂದು ಅತ್ತೆಯ ಸೆರಗು ಹಿಡಿದಳು. ಸೆರಗು ಹಿಡಿದರೆ ಬಾಯಿ ನಿಲ್ಲುತ್ತದೆಯೇ?

"ಕಲ್ಲು ಅನ್ಬೇಡಿ ಕಣ್ರೀ! ನೀವೂ ಮಕ್ಕಳನ್ನ ತೊಟ್ಲಿಗೆ ಆಕಿದೋರಲ್ವಾ? ಬೇಡಾ ಅಂದ್ಬುಡಿ, ನೂರಿಪ್ಪತ್ತೂ ವಾಪಸ್ ಒತ್ಕೊಂಡು ಓಯ್ತೀನಿ!"

ಅದೇ ಹೊತ್ತಿಗೆ ಒಳಗಿನಿಂದ ಇನ್ನೊಂದು ಕೂಗು ಕೇಳಿತು. ನಾಗಲಕ್ಷ್ಮಿಯ ಅತ್ತೆ, ಎಂಬತ್ತು ದಾಟಿದ ಲಕ್ಷ್ಮಿದೇವಮ್ಮ, ಕೋಲೂರಿಕೊಂಡು ಬಂದರು.

"ನಾಗೂ, ಗುಂಡುಕಲ್ಲು ಎಲ್ಲಿ? ಆವಾಗ್ಲಿಂದ ಕೇಳ್ತಿದೀನಿ."

"ಅತ್ತೆ, ನಮ್ಮನೇಲಿ ಇರೋದು ಗ್ರೈಂಡರು. ಒರಳು ಎಲ್ಲಿಂದ ತರ್ಲಿ?"

"ಹಂಗಾದ್ರೆ ಗ್ರೈಂಡರ್‌ನೇ ತೊಟ್ಲಿಗೆ ಹಾಕಿ ತೂಗು! ಗುಂಡಪ್ಪ ಮಲಗದೇ ಇರೋ ತೊಟ್ಲಿಗೆ ನನ್ ಮರಿಮಗಳನ್ನ ನಾನು ಹಾಕೋಕೆ ಬಿಡಲ್ಲ."

ನಾಗಲಕ್ಷ್ಮಿ ಕೈಯಲ್ಲಿದ್ದ ರಟ್ಟಿನ ತೊಟ್ಟಿಲನ್ನು ನೋಡಿದರು, ರಾಮಲಕ್ಷ್ಮಮ್ಮನನ್ನು ನೋಡಿದರು. ತೊಟ್ಟಿಲನ್ನು ಮೆಲ್ಲಗೆ ಅತ್ತೆಯ ಮುಂದೆ ಹಿಡಿದರು.

ಲಕ್ಷ್ಮಿದೇವಮ್ಮ ಕನ್ನಡಕ ಸರಿಮಾಡಿಕೊಂಡು ಒಳಗೆ ನೋಡಿದರು. ಕೆಂಪು ಬಟ್ಟೆ ಹೊದ್ದು, ದೃಷ್ಟಿಬೊಟ್ಟಿಟ್ಟುಕೊಂಡು ಗುಂಡಪ್ಪ ಮಲಗಿದ್ದ. ಹಲ್ಲಿಲ್ಲದ ಬಾಯಿ ಅಗಲವಾಯಿತು.

"ಅಯ್ಯೋ ನನ್ ಬಂಗಾರ! ಯಾರಮ್ಮ ಇದನ್ನ ಮಾಡಿದ್ದು?"

"ನಾನೇ," ಎಂದಳು ರಾಮಲಕ್ಷ್ಮಮ್ಮ, ಜಗಳಕ್ಕೆ ನಿಂತ ದನಿಯಲ್ಲೇ. "ಇಂಥೋರು ಇನ್ನೂ ನೂರಾ ಅತ್ತೊಂಬತ್ತು ಜನ ಅವ್ರೆ."

ಮನೆ ತುಂಬ ನಗು ಎದ್ದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ನಾಗಲಕ್ಷ್ಮಿ. ಆ ಡಬ್ಬದಿಂದ ಗುಂಡಪ್ಪನನ್ನು ಕಿತ್ತು ದೊಡ್ಡ ತೊಟ್ಟಿಲಿನ ನಡುವೆ ಮಲಗಿಸಿದರು. ನೆಲ್ಲಿಕಾಯಿ ಗಾತ್ರದವನಿಗೆ ಅಷ್ಟು ದೊಡ್ಡ ತೊಟ್ಟಿಲು, ಸುತ್ತ ಇಪ್ಪತ್ತು ಹೆಂಗಸರ ಹಾಡು. ಮೊದಲ ಕೈ ಯಾರದು ಎಂಬ ಮಾತು ಬಂದಾಗ ಲಕ್ಷ್ಮಿದೇವಮ್ಮ ತೊಟ್ಟಿಲ ಹಗ್ಗವನ್ನು ರಾಮಲಕ್ಷ್ಮಮ್ಮನ ಕೈಗಿತ್ತರು. ಬೆರಳ ತುದಿಗೆ ನಿನ್ನೆಯ ಅಂಟು ಇನ್ನೂ ಮೆತ್ತಿತ್ತು.

"ಮೆತ್ತಗೆ ತೂಗಮ್ಮ, ಬಿದ್ದೋದಾನು," ಎಂದು ಯಾರೋ ಹಿಂದಿನಿಂದ ಹಾಸ್ಯ ಮಾಡಿದರು.

"ನಾನ್ ಮಾಡಿರೋ ಗುಂಡಪ್ಪ ಬೀಳಾಕಿಲ್ಲ ಕಣಮ್ಮಿ," ಎಂದು ಅವಳು ಗುಡುಗಿ, ಜೋರಾಗಿಯೇ ತೂಗಿದಳು.