ಉಗುರಿನ ಮೂಲೆ

ದಿನವಿಡೀ ನಿಂತೇ ಕೆಲಸ ಮಾಡುವ ಕ್ಷೌರಿಕನಿಗೆ ಕಾಲಿನ ಹೆಬ್ಬೆರಳು ಕೈಕೊಟ್ಟರೆ ಅಂಗಡಿಯೇ ಕುಂಟುತ್ತದೆ. ಅವನ ಎಡಗಾಲಿನ ಉಗುರು ಮೂಲೆಯಲ್ಲಿ ಮಾಂಸದೊಳಗೆ ಇಳಿದು, ಬೆರಳು ಕೆಂಪಗೆ ಊದಿಕೊಂಡಿತ್ತು. ಡಾಕ್ಟರಿಗೆ ತೋರಿಸಿ ಎಂದು ಹೆಂಡತಿ ಹೇಳಿದಾಗಲೆಲ್ಲ, ಊರವರು ತಲೆಯನ್ನೇ ನನ್ನ ಕೈಗೆ ಕೊಡುತ್ತಾರೆ, ನಾನು ನನ್ನ ಕಾಲನ್ನು ಇನ್ನೊಬ್ಬನಿಗೆ ಕೊಡಲೇ ಎಂದು ನಗುತ್ತಿದ್ದ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂಬ ಗಾದೆ ಬೇರೆ. ಗಿರಾಕಿಗಳು ಇಲ್ಲದಾಗ ಅದೇ ಕುರ್ಚಿಯಲ್ಲಿ ಕೂತು ಬ್ಲೇಡಿನಿಂದ ಮೂಲೆಯನ್ನು ಗುಂಡಗೆ ಕೆತ್ತಿ ತೆಗೆಯುತ್ತಿದ್ದ. ಸ್ವಲ್ಪ ದಿನ ಹಾಯೆನಿಸುತ್ತಿತ್ತು. ಉಗುರು ಮತ್ತೆ ಬೆಳೆದಾಗ ಇನ್ನೂ ಆಳಕ್ಕೆ ಚುಚ್ಚುತ್ತಿತ್ತು. ಸಕ್ಕರೆ ಕಾಯಿಲೆಯ ಮಾತ್ರೆಯನ್ನೂ ಅವನು ಮನಸ್ಸು ಬಂದಾಗ ಮಾತ್ರ ನುಂಗುತ್ತಿದ್ದ.

ಒಂದು ಸಂಜೆ ಮನೆಗೆ ಬಂದವನೇ, ನೋವು ಹೋಯಿತು ಎಂದ. ಗೆದ್ದು ಬಂದವನ ಮುಖ. ಹೆಂಡತಿಗೂ ಜೀವಕ್ಕೆ ಹಾಯೆನಿಸಿತು. ಊತವೂ ಇಳಿಯಲಿ ಎಂದು ಬಕೆಟ್ಟಿನಲ್ಲಿ ಉಪ್ಪುನೀರು ತಂದಿಟ್ಟಳು. ತಣ್ಣಗಿದೆ, ಬಿಸಿನೀರು ಸುರಿ ಎಂದ. ಸುರಿದಳು. ಇನ್ನೂ ಸುರಿ ಎಂದ. ಒಲೆಯ ಮೇಲಿನ ಪಾತ್ರೆಯನ್ನೇ ತಂದು ಸುರಿದಳು. ಟವೆಲಿನ ತುದಿ ನೀರಿಗೆ ಬಿತ್ತೆಂದು ಕೈಹಾಕಿದವಳು ತಟ್ಟನೆ ಹಿಂದಕ್ಕೆಳೆದುಕೊಂಡಳು.

"ರೀ, ಕಾಲು ತೆಗೀರಿ. ಸುಡ್ತಿದೆ."

"ಸುಮ್ನಿರೇ. ಉಗುರುಬೆಚ್ಚಗೂ ಇಲ್ಲ."

ಅವಳೇ ಕಾಲನ್ನು ಎತ್ತಿ ಹೊರಗಿಟ್ಟಳು. ಪಾದದ ಚರ್ಮ ಬೆಂದು ಕೆಂಪಾಗಿತ್ತು. ಹೆಬ್ಬೆರಳಿನ ತುದಿ ಮಾತ್ರ ಕಪ್ಪಗಿತ್ತು. ಅವನು ಅದನ್ನು ನೋಡಿದ.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೆರಳಿಗೆ ಸೂಜಿಯ ಮೊನೆ ತಾಗಿಸಿದಾಗ ಅವನು ಗೋಡೆಯ ಫ್ಯಾನು ನೋಡುತ್ತಿದ್ದ, ಅವನಿಗೆ ಗೊತ್ತೇ ಆಗಲಿಲ್ಲ. ಹೋದದ್ದು ನೋವಲ್ಲ, ನರದ ಅರಿವು ಎಂದು ಆಕೆ ಹೇಳಿದರು. ಉಗುರನ್ನು ನೇರಕ್ಕೆ ಕತ್ತರಿಸಬೇಕಿತ್ತು, ಬೆರಳನ್ನು ಅದುಮುವ ಚಪ್ಪಲಿ ಬಿಡಬೇಕಿತ್ತು. ಕೆಂಪಗಿದ್ದಾಗಲೇ ಬಂದಿದ್ದರೆ ಒಂದು ಇಂಜೆಕ್ಷನ್ ಕೊಟ್ಟು ಉಗುರಿನ ಅಂಚು ತೆಗೆದು ಕಳಿಸುತ್ತಿದ್ದೆ ಎಂದರು. ಈಗ ಕೀವು ಮೂಳೆಗೆ ಇಳಿದಿದೆ. ಬೆರಳಿನ ತುದಿ ತೆಗೆದರೆ ಸಾಕಾದೀತು, ಒಳಗೆ ನೋಡದೆ ಹೇಳಲಾಗದು.

ಅವನು ಈ ವಾರ ಅಂಗಡಿ ಮುಗಿಸಿ ಬರುತ್ತೇನೆ ಎಂದು ಎದ್ದ.

"ನೀವು ಅಂಗಡಿಗೆ ಹೋಗಿ," ಎಂದಳು ಹೆಂಡತಿ. "ಕಾಲನ್ನ ಇಲ್ಲೇ ಬಿಟ್ಟು ಹೋಗಿ."

ಅವನು ಕೂತುಕೊಂಡ.

ಆಪರೇಷನ್ ಮುಗಿಸಿ ಬಂದ ಡಾಕ್ಟರಮ್ಮನನ್ನು ಅವಳು ಕೇಳಿದ್ದು ಒಂದೇ: ನನ್ನ ನೀರಿನಿಂದ ಹೀಗಾಯಿತೇ? ಬೆರಳು ಮೊದಲೇ ಸಾಯುತ್ತಿತ್ತು, ನೀರು ಅವಸರ ಮಾಡಿತು ಎಂದರು ಆಕೆ. ಅದನ್ನು ಸಮಾಧಾನವೆನ್ನಬೇಕೋ ದೂರೆನ್ನಬೇಕೋ ಅವಳಿಗೆ ತಿಳಿಯಲಿಲ್ಲ.

ವಾರ್ಡಿನಲ್ಲಿ ಅವನು ಕಣ್ಣುಬಿಟ್ಟ.

"ತುದಿ ತಾನೇ?"

"ಬುಡದವರೆಗೂ ತೆಗೆದ್ರು."

ನಿಲ್ಲುವುದಕ್ಕಾಗುತ್ತದೆಯೇ ಎಂದು ಕೇಳಿದ. ಆಗುತ್ತದಂತೆ, ಮೊದಮೊದಲು ಕಷ್ಟವಂತೆ ಎಂದಳು. ಆಮೇಲೆ ತಡೆಯಲಾರದೆ, "ಸುರಿದೋಳು ನಾನು," ಎಂದಳು.

"ಸುರಿ ಅಂದೋನು ನಾನು. ಅದನ್ನ ಬಿಡು. ಉಳಿದಿರೋ ಬೆರಳುಗಳನ್ನ ನೋಡು. ನನಗಂತೂ ಗೊತ್ತಾಗಲ್ಲ."

ಅವಳು ಹೊದಿಕೆ ಸರಿಸಿದಳು. ಬಲಗಾಲಿನಿಂದ ಶುರುಮಾಡಿ ಒಂದೊಂದೇ ಬೆರಳನ್ನು ಬಿಡಿಸಿ, ಸಂದಿಗಳನ್ನೂ ಉಗುರುಗಳನ್ನೂ ನೋಡುತ್ತ ಬಂದಳು. ಎಡಗಾಲಿನಲ್ಲಿ, ಪಟ್ಟಿಯ ಪಕ್ಕದ ಬೆರಳಿನ ಹತ್ತಿರ ಬಂದಾಗ ಬಗ್ಗಿ, ಇನ್ನಷ್ಟು ಬಗ್ಗಿ ನೋಡಿದಳು. ಆಮೇಲೆ ನರ್ಸನ್ನು ಕರೆದಳು.